ನಿದ್ದೆ ದೋಚುವವರ ನಾಟಕಕ್ಕೆ ಹಾರ್ಮೋನಿಯಂ ನುಡಿಸಿದ್ದು

ನಾನು ಹಾರ್ಮೋನಿಯಂ ವಿಡಿಯೊ ಹಾಕಿದಾಗಲೆಲ್ಲ ಕೆಳಗೆ ಬಂದು ಕೇಳುವವರಿದ್ದಾರೆ: ಮೇಷ್ಟ್ರೇ, ಐವತ್ಮೂರಕ್ಕೇ ಯಾಕೆ ನಾಟಕ ಕಲಿಸೋದು ನಿಲ್ಲಿಸಿಬಿಟ್ರಿ? ಬೆರಳು ನೋವು ಅಂತ ಬರೆದು ಸುಮ್ಮನಾಗುತ್ತೇನೆ. ಬೆರಳು ನೋವೇನೋ ನಿಜವೇ. ಆದರೆ ಬೆರಳು ನೋವಿಗೆ ಹಾರ್ಮೋನಿಯಂ ಪೆಟ್ಟಿಗೆ ಮುಚ್ಚಿದ ಮೇಷ್ಟ್ರನ್ನು ನಾನಂತೂ ನೋಡಿಲ್ಲ. ಈಚೆಗೆ ಇಬ್ಬರು ಹುಡುಗರು ಬಾಬುರಾಯನಕೊಪ್ಪಲಿನ ನಮ್ಮ ಮನೆಗೇ ಬಂದು, ನಾವೂ ಇದೇ ಕಸುಬು ಹಿಡಿತೀವಿ, ಏನಾದರೂ ಹೇಳಿಕೊಡಿ ಅಂದರು. ರಾಗ, ತಾಳ, ಮಟ್ಟು ಎಲ್ಲ ಈಗ ಫೋನಿನಲ್ಲಿ ಸಿಗುತ್ತದೆ. ಸಿಗದೆ ಇರುವುದನ್ನು ಇಲ್ಲಿ ಬರೆಯುತ್ತೇನೆ. ಉದ್ದ ಇದೆ. ಅರ್ಧಕ್ಕೆ ಎದ್ದು ಹೋಗುವವರು ಈಗಲೇ ಹೋಗಬಹುದು, ಬೇಜಾರಿಲ್ಲ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಮ್ಮ ಕಡೆ ಹಳ್ಳಿಯವರೇ ಬಣ್ಣ ಹಚ್ಚಿ ಪೌರಾಣಿಕ ನಾಟಕ ಆಡುತ್ತಾರೆ. ಬೆಳಗ್ಗೆ ಡೈರಿಗೆ ಹಾಲು ಹಾಕಿದವನೇ ಸಂಜೆ ಚಕ್ರವರ್ತಿ. ಅವರಿಗೆ ಹಾಡು, ಮಾತು, ನಡಿಗೆ ಕಲಿಸಲು ಒಬ್ಬ ಮೇಷ್ಟ್ರು ಬೇಕು. ಅವನೇ ಹಾರ್ಮೋನಿಯಂ ನುಡಿಸಬೇಕು, ಮಾತು ಮರೆತವನಿಗೆ ಸೈಡಿನಿಂದ ಹೇಳಿಕೊಡಬೇಕು, ಜಗಳ ಬಿಡಿಸಬೇಕು. ಆ ಮೇಷ್ಟ್ರು ನಾನು. ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರದ ಸುತ್ತ ನಾನು ತಾಲೀಮು ಮಾಡಿಸದ ಊರು ಹುಡುಕಬೇಕು.

ಈ ಕಸುಬಿನ ಮೊದಲ ಸತ್ಯ: ಪಾರ್ಟು ಹಂಚುವುದು ಮೇಷ್ಟ್ರಲ್ಲ. ಯಾರು ಹೆಚ್ಚು ದುಡ್ಡು ಹಾಕುತ್ತಾರೋ ಅವರಿಗೆ ದೊಡ್ಡ ಪಾರ್ಟು. ಕತ್ತೆಯ ಹಾಗೆ ಕೂಗುವವನು ದುಡ್ಡು ಹಾಕಿದರೆ ಅವನೇ ನಾಯಕ. ಕೋಗಿಲೆಯ ಹಾಗೆ ಹಾಡುವವನು ಪರದೆ ಎಳೆಯುತ್ತಿರುತ್ತಾನೆ. ಮೊದಮೊದಲು ನನಗೆ ಇದು ನುಂಗಲು ಆಗುತ್ತಿರಲಿಲ್ಲ. ಪಾಂಡವಪುರದ ನನ್ನ ಗುರುಗಳು ಬೀಡಿ ಆರಿಸುತ್ತಾ, ನಿನಗೆ ಹೊಟ್ಟೆ ಹಸಿಯುತ್ತೋ ಇಲ್ವೋ ಅಂತ ಮಾತ್ರ ಕೇಳಿದ್ದರು.

ಎರಡನೆಯ ಸತ್ಯ ಹಾರದ್ದು. ಪಾತ್ರಧಾರಿ ರಂಗದ ಮೇಲಿದ್ದಾಗ ಅವನ ನೆಂಟರು, ಅವ್ವ, ಭಾವಮೈದ, ಯಾರು ಬೇಕಾದರೂ ನಾಟಕದ ನಡುವೆಯೇ ಮೇಲೆ ಹತ್ತಿ ಬಂದು ಹಾರ ಹಾಕುತ್ತಾರೆ. ಆಗ ಕತೆ ನಿಲ್ಲುತ್ತದೆ. ಯುದ್ಧ ನಡೆಯುತ್ತಿದ್ದರೆ ಯುದ್ಧವೂ ನಿಲ್ಲುತ್ತದೆ. ಮೇಷ್ಟ್ರು ಒಂದು ಸಣ್ಣ ಮಟ್ಟು ನುಡಿಸುತ್ತಾನೆ, ಹಾರ ಹಾಕಿದವರು ಜೊತೆಗಿರುವ ಪಾತ್ರಧಾರಿಗಳಿಗೂ ಕೈಮುಗಿಯುತ್ತಾರೆ, ಅವರೂ ತಿರುಗಿ ಮುಗಿಯುತ್ತಾರೆ. ಆಮೇಲೆ ಯುದ್ಧ ಎಲ್ಲಿ ನಿಂತಿತ್ತೋ ಅಲ್ಲಿಂದ ಶುರು. ನಮ್ಮ ಗುರುಗಳು ನಾಗಮಂಗಲದ ಕಡೆ ಒಂದು ಊರಿನಲ್ಲಿ, ಸೀನು ಮುಗಿಯಲಿ ಇರಪ್ಪ ಅಂತ ಹಾರದವರನ್ನು ತಡೆದರು. ನಾನಾಗ ಅವರ ಪಕ್ಕ ತಾಳ ಹಾಕುತ್ತಿದ್ದೆ. ತಡೆಸಿಕೊಂಡವರು ಜಗಳ ಆಡಲಿಲ್ಲ. ಸೀದಾ ಬಂದು ಹಾರ್ಮೋನಿಯಂ ಹೊತ್ತುಕೊಂಡು ಹೋಗಿಬಿಟ್ಟರು. ಅದನ್ನು ಬಿಡಿಸಿಕೊಂಡು ಬರುವಷ್ಟರಲ್ಲಿ ಗುರುಗಳ ಮೀಸೆ ಇಳಿದಿತ್ತು. ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ನನಗೆ ಹೇಳಿದರು:

"ಲೇ, ಕತೆ ಬೇಕಾರೆ ನಿಲ್ಸು. ಆರ ತಂದೋರ್ನ ಮಾತ್ರ ನಿಲ್ಲುಸ್ಬ್ಯಾಡ. ಅವ್ರು ಆರ ಆಕಾದು ಪಾರ್ಟಿಗಲ್ಲ ಕಣ್ಲಾ, ಒಳಗಿರೋ ಮನ್ಸಂಗೆ."

ಈ ಮಾತು ನೆನಪಿಟ್ಟುಕೊಳ್ಳಿ.

ಆಮೇಲೆ ಕಾಲ ಬದಲಾಯಿತು. ಕಿವಿಗೆ ಸಿಕ್ಕಿಸುವ ಮೈಕು ಬಂತು, ಬಟ್ಟೆಯ ಸೀನರಿ ಹೋಗಿ ದೊಡ್ಡ ಪರದೆಯಲ್ಲಿ ಅರಮನೆ ಮೂಡತೊಡಗಿತು. ಬೆಳಗಿನ ತನಕ ಕೂರುವ ತಾಳ್ಮೆ ಯಾರಿಗೂ ಉಳಿಯಲಿಲ್ಲ, ಸಂಜೆ ಶುರುವಾದ ನಾಟಕ ಊಟದ ಹೊತ್ತಿಗೆ ಮುಗಿಯಬೇಕು. ಈ ಬದಲಾವಣೆಯ ಕಾಲದಲ್ಲೇ ಶಿವಲಿಂಗು ನನ್ನನ್ನು ಹುಡುಕಿಕೊಂಡು ಬಂದದ್ದು.

ಶಿವಲಿಂಗು ಸಿಂಧಘಟ್ಟದಿಂದ ಒಳಕ್ಕೆ ಇರುವ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಸೈನ್ಸ್ ಮೇಷ್ಟ್ರು. ಊರಿನ ಹೆಸರು ಬೇಡ, ಅಲ್ಲಿ ನನಗೆ ಇನ್ನೂ ನೆಂಟರಿದ್ದಾರೆ. ಅವನು ಹುಟ್ಟಿ ಬೆಳೆದದ್ದು ಶ್ರೀರಂಗಪಟ್ಟಣದ ಕೋಟೆಗೋಡೆಯ ಪಕ್ಕ. ಬಿರುಕು ಬಿಟ್ಟ ಆ ಗೋಡೆ ನೋಡುತ್ತಾ ಬೆಳೆದವನಿಗೆ ಒಂದೇ ಯೋಚನೆ: ದೂರದಿಂದ ಬಂದವರು ಮೊದಲು ವ್ಯಾಪಾರ ಅನ್ನುತ್ತಾರೆ, ಆಮೇಲೆ ಬೀಗದ ಕೈ ಕೇಳುತ್ತಾರೆ. ಅದನ್ನೇ ಬೇರೆ ನಕ್ಷತ್ರದವರ ಕತೆ ಮಾಡಿ ನಾಟಕ ಬರೆದಿದ್ದ.

ಕತೆ ಇಷ್ಟು. ಆಚೆ ನಕ್ಷತ್ರದ ಜನಕ್ಕೆ ಎಲ್ಲ ಇದೆ, ನಿದ್ದೆ ಇಲ್ಲ. ಅವರ ದೊರೆ ಭೂಮಿಗೆ ಇಳಿದು ಒಂದು ಹಳ್ಳಿಯವರಿಗೆ ಆರದ ದೀಪ ಕೊಟ್ಟು, ಬದಲಿಗೆ ಒಂದಿಷ್ಟು ನಿದ್ದೆ ಕೊಡಿ ಅನ್ನುತ್ತಾನೆ. ತಲೆಗೊಂದು ಟೋಪಿ ಹಾಕಿದರೆ ನಿದ್ದೆ ಹೀರಿಕೊಳ್ಳುತ್ತದೆ. ಮೊದಲು ಮಧ್ಯಾಹ್ನದ ಜೊಂಪು, ಆಮೇಲೆ ರಾತ್ರಿಯ ನಿದ್ದೆ, ಆಮೇಲೆ ಮಕ್ಕಳದ್ದು. ನಿದ್ದೆಯಿಲ್ಲದ ಜನ ಹಗಲೂ ರಾತ್ರಿ ದೊರೆಯ ಕೆಲಸ ಮಾಡುತ್ತಾರೆ. ಕೊನೆಗೆ ಊರಿನ ಮುಖಂಡ ದೊರೆಯ ಮುಂದೆ ಮಂಡಿಯೂರಿ ಟೋಪಿಗೆ ತಲೆ ಕೊಡುತ್ತಾನೆ. ಆದರೆ ಅವನ ನಿದ್ದೆಯ ಜೊತೆ ಅವನ ಕನಸೂ ಹೋಗಿ ದೊರೆಯ ತಲೆಗೆ ಹೊಗುತ್ತದೆ. ದೋಚಿಸಿಕೊಂಡವರ ಕನಸು ತಡೆಯಲಾರದೆ ದೊರೆ ನೆಲಕ್ಕೆ ಬೀಳುತ್ತಾನೆ.

ಇದು ನಮ್ಮ ಜನಕ್ಕೆ ಹತ್ತುತ್ತದಾ ಅಂತ ನಾನು ನೇರವಾಗಿ ಕೇಳಿದೆ.

"ಬೇರೆ ದೇಶದೋರು ಇಂಥ ಕತೆ ಬರೆದರೆ, ಬಾನಿಂದ ಯಾರೋ ಬಂದು ನಮ್ಮನ್ನ ದೋಚಿಬಿಡ್ತಾರೆ ಅಂತ ಹೆದರಿ ಬರೀತಾರೆ," ಅಂದ ಶಿವಲಿಂಗು. "ನಮಗೆ ಅದು ಹೆದರಿಕೆ ಅಲ್ಲ ಮೇಷ್ಟ್ರೇ, ನೆನಪು. ಹತ್ತೇ ಹತ್ತುತ್ತೆ."

ಊರಿನ ಯಜಮಾನರು ಬೋರೇಗೌಡರು. ತೋಟ, ಗದ್ದೆ, ಎರಡು ಟ್ರಾಕ್ಟರು ಇದ್ದವರು. ಡೈರಿಯ ಮುಂದಿನ ಮೈದಾನದಲ್ಲಿ ಯಾವ ನಾಟಕವಾದರೂ ಮೊದಲ ಪಾರ್ಟು ಅವರದ್ದೇ. ಕತೆ ಓದಿದ ದಿನ ಶಾಲೆಯ ಜಗುಲಿಯಲ್ಲಿ ಕೂತಿದ್ದವರೆಲ್ಲ ಗಂಭೀರವಾಗಿ ಕೇಳಿದರು. ಪಾರ್ಟು ಯಾರಿಗೆ ಯಾವುದು ಅಂದ ತಕ್ಷಣ ಶುರುವಾಯಿತು. ಎಲ್ಲರಿಗೂ ದೊರೆಯ ಕಡೆಯ ಪಾರ್ಟೇ ಬೇಕು. ದೊರೆ, ದೊರೆಯ ತಮ್ಮ, ದೊರೆಯ ಸೇನಾಪತಿ, ಸೇನಾಪತಿಯ ಭಾವಮೈದ. ಭಾವಮೈದನ ಪಾರ್ಟು ನಾಟಕದಲ್ಲಿ ಇರಲೇ ಇಲ್ಲ, ಅದಕ್ಕೂ ಒಬ್ಬ ದುಡ್ಡು ಹಿಡಿದು ನಿಂತಿದ್ದ. ನಿದ್ದೆ ಕಳೆದುಕೊಳ್ಳುವ ಹಳ್ಳಿಯವರ ಪಾರ್ಟಿಗೆ ಒಬ್ಬನೂ ಬರಲಿಲ್ಲ.

ನಾವೇ ಅಲ್ಲವಾ ದೋಚಿಸಿಕೊಂಡವರು ಅಂತ ಶಿವಲಿಂಗು ಗೋಗರೆದ. ಬೋರೇಗೌಡರು ನಕ್ಕುಬಿಟ್ಟರು.

"ನಾವ್ಯಾಕೆ ದೋಚಿಸ್ಕಂಡೋರು ಆದೇವು ಮೇಷ್ಟ್ರೆ? ದುಡ್ಡು ಕೊಟ್ಟು ಯಾರಾದ್ರೂ ಏಟು ತಿಂತಾರಾ? ಆ ಪಾರ್ಟೆಲ್ಲ ಆ ಬೀದಿಯೋರ್ಗೆ ಕೊಡಿ, ಅವ್ರು ಕಾಸೂ ಆಕಾದ್ ಬ್ಯಾಡ. ನಂಗೆ ಕಿರೀಟ ಮಾತ್ರ ಇರ್ಬೇಕು."

ಆಚೆ ನಕ್ಷತ್ರದ ದೊರೆಗೆ ಕಿರೀಟ ಇರುವುದಿಲ್ಲ ಅಂತ ಶಿವಲಿಂಗು ಅರ್ಧ ಗಂಟೆ ವಾದ ಮಾಡಿದ. ಕೊನೆಗೆ ಬೆಳ್ಳಿ ಹಾಳೆಯ ಅಂಗಿ ಶಿವಲಿಂಗುವಿನದ್ದು, ಕಿರೀಟ ಮತ್ತು ಗದೆ ಗೌಡರದ್ದು ಅಂತ ರಾಜಿಯಾಯಿತು. ನಿದ್ದೆ ಹೀರುವ ಟೋಪಿಯನ್ನು ಬೈಕಿನ ಹಳೇ ಹೆಲ್ಮೆಟ್ಟಿಗೆ ಬಣ್ಣ ಬಳಿದು, ಟೀವಿಯ ವೈರು ಸಿಕ್ಕಿಸಿ ನಾವೇ ಮಾಡಿದೆವು.

ಆ ಬೀದಿ ಅಂದರೆ ಊರಿನವರ ಹೊಲಗದ್ದೆಗೆ ಕೂಲಿಗೆ ಹೋಗುವವರ ಬೀದಿ. ಅಲ್ಲಿಂದ ಬಂದವನು ಸಿದ್ದರಾಜು. ಬೋರೇಗೌಡರ ಟ್ರಾಕ್ಟರಿನ ಡ್ರೈವರು. ಮಾಕವಳ್ಳಿಯ ಸಕ್ಕರೆ ಫ್ಯಾಕ್ಟರಿಗೆ ಕಬ್ಬು ಸಾಗಿಸುವಾಗ ಇಂಜಿನ್ನಿನ ಸದ್ದನ್ನೂ ಮೀರಿ ಹಾಡುತ್ತಾ ಹೋಗುತ್ತಿದ್ದ. ಅಂಥ ಕಂಠ ಇದ್ದವನು ಅಲ್ಲಿಯವರೆಗೆ ರಂಗ ಹತ್ತಿದವನಲ್ಲ, ಪರದೆ ಎಳೆದವನು. ಕತೆ ಮುಗಿದದ್ದೇ ನನ್ನ ಕಡೆ ತಿರುಗಿದ.

"ಕಬ್ಬಿನ ಸೀಜನ್ನಲ್ಲಿ ರಾತ್ರಿಯೆಲ್ಲ ಫ್ಯಾಕ್ಟ್ರಿ ಲೈನಲ್ಲಿ ನಿಂತ್ಕಂಡಿರ್ತೀನಲ್ಲ ಸಾ, ನನ್ನ ನಿದ್ದೆ ಎಲ್ಲಿಗೋಯ್ತದೆ ಅಂತ ಈಗ ಗೊತ್ತಾಯ್ತು," ಅಂದ.

ಅವನಿಗೆ ಮುಖಂಡನ ಪಾರ್ಟು ಕೊಟ್ಟೆವು. ಗೌಡರಿಗೂ ಒಪ್ಪಿಗೆಯಾಯಿತು. ತಾಲೀಮು ನಡೆದಷ್ಟು ದಿನ ಅವನು ಹಾಡಿದರೆ ದನ ಕಟ್ಟುತ್ತಿದ್ದವರೂ ನಿಂತು ಕೇಳುತ್ತಿದ್ದರು. ಒಂದೇ ತೊಡಕು. ಕೊನೆಯ ಸೀನಿನಲ್ಲಿ ಅವನು ಮಂಡಿಯೂರುತ್ತಿರಲಿಲ್ಲ. ರಂಗದ ಮೇಲೆ ಮಾಡ್ತೀನಿ ಸಾ ಅಂತ ಜಾರಿಕೊಳ್ಳುತ್ತಿದ್ದ. ಗೌಡರು ಮೊದಲು ನಗುತ್ತಿದ್ದರು, ಆಮೇಲೆ ನಗುವುದು ಬಿಟ್ಟರು. ಒಂದು ದಿನ ಎಲ್ಲರೆದುರಿಗೆ ಗದೆ ಕೆಳಗಿಟ್ಟು, ಊರ್ತಾನೋ ಇಲ್ವೋ ಅಂತ ನನ್ನನ್ನು ಕೇಳಿದರು. ಅವನನ್ನಲ್ಲ, ನನ್ನನ್ನು.

ಆ ದಿನ ತಾಲೀಮು ಮುಗಿದ ಮೇಲೆ ಸಿದ್ದರಾಜುವನ್ನು ಟ್ರಾಕ್ಟರಿನ ಹತ್ತಿರ ನಿಲ್ಲಿಸಿ ಕೇಳಿದೆ. ನಾಟಕ ಅಲ್ವೇನಪ್ಪ, ಮಂಡಿ ಊರಿದರೆ ಏನು ಸವೆದು ಹೋಗುತ್ತೆ ಅಂದೆ.

"ನೀವು ಪೆಟ್ಟಿಗೆ ಎತ್ಕಂಡು ಕೊಪ್ಪಲ್ಗೆ ಓಯ್ತೀರ ಸಾ. ನಾನು ಬೆಳಗ್ಗೆ ಅದೇ ಗೌಡ್ರ ತಾವ ಕೀ ಇಸ್ಕೋಬೇಕು. ಒಂದ್ಸಲ ಮಂಡಿ ಊರಿದ್ದ ನೋಡ್ಬುಟ್ರೆ, ಅವ್ರ ಕಣ್ಗೆ ಅದೇ ಸರಿ ಅನ್ನುಸ್ಬುಡ್ತದೆ. ಅವ್ರ ತಮ್ಮನ ಮಗ ಆಗ್ಲೇ ಯೋಳ್ಕಂಡು ತಿರುಗ್ತಾವ್ನೆ, ಫೋನಲ್ಲಿ ಇಡ್ಕಂಡು ಸ್ಟೇಟಸ್ಸಿಗೆ ಆಕ್ತೀನಿ ಅಂತ."

ಶಿವಲಿಂಗುವಿಗೆ ಹೇಳಿದೆ. ಅವನು ತಲೆ ಕೆಡಿಸಿಕೊಂಡ. ಮಂಡಿ ಊರದಿದ್ದರೆ ಆಮೇಲೆ ದೊರೆ ಬೀಳುವುದಕ್ಕೆ ಅರ್ಥವೇ ಇಲ್ಲ, ನಾಟಕವೇ ಇಲ್ಲ ಅಂದ. ಅದೂ ನಿಜವೇ. ಆಮೇಲೆ ಅವನೇ ಸಿದ್ದರಾಜುವಿನ ಜೊತೆ ಕೂತು ಮಾತಾಡಿದ. ಒಂದು ಕ್ಷಣ ಮಂಡಿ ಊರು, ತಕ್ಷಣ ಟೋಪಿ ಬರುತ್ತೆ, ಹಾಡು ಎತ್ತಿಕೋ, ಗೌಡರು ಬೀಳ್ತಾರೆ, ಸ್ಟೇಟಸ್ಸಿಗೆ ಹಾಕಿದರೆ ಅವರು ಬಿದ್ದದ್ದೂ ಬರಲಿ ಅಂದ. ಸಿದ್ದರಾಜು ಒಪ್ಪಿದ. ಗೌಡರೂ ಬೀಳಲು ಒಪ್ಪಿದರು. ಆದರೆ ತಾಲೀಮಿನಲ್ಲಿ ಅವರೂ ಒಂದು ಸಲವೂ ಬಿದ್ದು ತೋರಿಸಲಿಲ್ಲ. ಸೊಂಟ ಹಿಡಕೊಳ್ತದೆ ಅಂದರು. ಇದನ್ನು ನಾನು ಗಮನಿಸಬೇಕಿತ್ತು.

ಶಿವಲಿಂಗು ನನ್ನಿಂದ ಇನ್ನೊಂದು ಮಾತು ತೆಗೆದುಕೊಂಡಿದ್ದ: ಈ ನಾಟಕದಲ್ಲಿ ಹಾರ ಬೇಡ. ಬೇರೆ ನಕ್ಷತ್ರದ ಕತೆಯ ನಡುವೆ ಸೋದರಮಾವ ಹತ್ತಿ ಬಂದರೆ ಎಲ್ಲ ಹಾಳು. ನನಗೂ ಹೌದೆನ್ನಿಸಿತು. ನಾಟಕದ ಸಂಜೆ ನಾನೇ ಮೈಕಿನಲ್ಲಿ ಹೇಳಿದೆ, ದಯವಿಟ್ಟು ಹಾರಗಳನ್ನು ಕೊನೆಯಲ್ಲಿ ಹಾಕಿ. ಮೈದಾನ ಗೊಣಗಿತು, ಒಪ್ಪಿತು.

ಬೋರೇಗೌಡರು ಬೆಳ್ಳಿ ಅಂಗಿ, ಕಿರೀಟ, ಗದೆ ಹೊತ್ತು ಒಳಗೆ ಬಂದರು. ಅವರು ಆಕಾಶದಿಂದ ಇಳಿದ ಮರುಕ್ಷಣವೇ ಅವರ ತಮ್ಮ, ತಮ್ಮನ ಮಗ, ಭಾವ ಎಲ್ಲ ಸೇಬಿನ ಹಾರ ಹೊತ್ತು ಮೆಟ್ಟಿಲು ಹತ್ತಿದರು. ಸೈಡಿನಲ್ಲಿದ್ದ ಶಿವಲಿಂಗು ನನ್ನ ಮುಖ ನೋಡಿದ. ನಾನು ತಡೆಯಲಿಲ್ಲ. ಯಜಮಾನರನ್ನು ಯಾರು ತಡೆಯುತ್ತಾರೆ? ಮಟ್ಟು ನುಡಿಸಿದೆ. ಗೌಡರು ಆ ಹಾರವನ್ನು ಕೊರಳಿನಿಂದ ತೆಗೆಯಲೇ ಇಲ್ಲ. ಇಡೀ ನಾಟಕ ಸೇಬು ಹೊತ್ತುಕೊಂಡೇ ನಿದ್ದೆ ದೋಚಿದರು.

ಜನ ನಕ್ಕರು, ಆಮೇಲೆ ನಗು ನಿಂತಿತು. ಮಕ್ಕಳ ನಿದ್ದೆ ಕೇಳುವ ಸೀನಿಗೆ ಹೆಂಗಸರು ಮಡಿಲಲ್ಲಿದ್ದ ಮಕ್ಕಳನ್ನು ಎಳೆದುಕೊಂಡಿದ್ದು ನಾನು ಕೂತಲ್ಲಿಂದಲೇ ಕಾಣುತ್ತಿತ್ತು. ಶಿವಲಿಂಗು ಹೇಳಿದ ಹಾಗೆ ಹತ್ತಿತ್ತು.

ಕೊನೆಯ ಸೀನು. ಸಿದ್ದರಾಜು ಬಂದ. ಹೆಗಲ ಮೇಲಿನ ಟವಲು ತೆಗೆದು ಕೈಯಲ್ಲಿ ಹಿಡಿದ. ನಾನು ಶ್ರುತಿ ಹಿಡಿದೆ. ಅವನು ಮಂಡಿಯೂರಿದ.

ಕೆಳಗೆ ಒಂದೊಂದಾಗಿ ಫೋನುಗಳು ಮೇಲೆದ್ದವು. ಈಗ ಟೋಪಿ ಬರಬೇಕು. ಗೌಡರು ಟೋಪಿ ಹಿಡಿದುಕೊಂಡೇ ನಿಂತರು. ನಾನು ಕಣ್ಣಲ್ಲಿ ಸನ್ನೆ ಮಾಡಿದೆ, ಹಾಕಿ ಗೌಡರೇ ಅಂತ. ಅವರು ನನ್ನ ಕಡೆ ನೋಡಲಿಲ್ಲ.

"ಇನ್ನೂ ಬಗ್ಗು," ಅಂದರು. ಆ ಮಾತು ನಾಟಕದಲ್ಲಿ ಇರಲಿಲ್ಲ. "ಅಣೆ ನೆಲಕ್ಕೆ ಮುಟ್ಲಿ."

ಮುಂದಿನ ಸಾಲಿನಲ್ಲಿ ಅವರ ಕಡೆಯವರು ನಕ್ಕರು. ಸಿದ್ದರಾಜು ಬಗ್ಗಲಿಲ್ಲ, ಏಳಲೂ ಇಲ್ಲ. ಟವಲನ್ನು ಮುಷ್ಟಿಯಲ್ಲಿ ಹಿಂಡುತ್ತಿದ್ದ. ಎದ್ದರೆ ನಾಟಕ ಹಾಳು ಮಾಡಿದವನು ಅವನು. ಬಗ್ಗಿದರೆ ನಾಳೆಯಿಂದ ಆ ಊರಿನಲ್ಲಿ ಅವನಿಗೆ ಬೇರೆ ಹೆಸರು. ಗೌಡರು ಮತ್ತೊಮ್ಮೆ ಅಂದರು, ಬಗ್ಗು. ನಾನು ಒಂದೇ ಸ್ವರ ಒತ್ತಿ ಹಿಡಿದಿದ್ದೆ.

ಆಗ ಮೆಟ್ಟಿಲ ಹತ್ತಿರ ಗದ್ದಲ. ಸಿದ್ದರಾಜುವಿನ ಅವ್ವ ಮಂಚಮ್ಮ, ಕೈಯಲ್ಲಿ ಚೆಂಡುಹೂವಿನ ಹಾರ. ಗೌಡರ ಗದ್ದೆಯಲ್ಲಿ ನಾಟಿ ಮಾಡಿ ಸೊಂಟ ಬಗ್ಗಿದ ಹೆಂಗಸು. ಗೌಡರ ತಮ್ಮನ ಮಗ ಅಡ್ಡ ನಿಂತಿದ್ದ, ಆರ ಇಲ್ಲ ಅಂತ ಅನೌನ್ಸ್ ಮಾಡವ್ರೆ, ಈಗ ಬ್ಯಾಡ ಅನ್ನುತ್ತಿದ್ದ.

"ನಿಮ್ಮ ದೊಡ್ಡಪ್ಪನ ಕೊಳ್ಳಲ್ಲಿ ಇರಾದೇನ್ಲಾ, ಸೋರೆಕಾಯಾ?" ಅಂದಳು ಮಂಚಮ್ಮ.

ಶಿವಲಿಂಗು ಸೈಡಿನಿಂದ ಬೇಡ ಬೇಡ ಅಂತ ಕೈಯಾಡಿಸುತ್ತಿದ್ದ. ನನಗೆ ಬಸ್ಸಿನಲ್ಲಿ ಗುರುಗಳು ಹೇಳಿದ ಮಾತು ನೆನಪಾಯಿತು. ಒತ್ತಿ ಹಿಡಿದಿದ್ದ ಸ್ವರ ಬಿಟ್ಟು ಹಾರದ ಮಟ್ಟು ಎತ್ತಿಕೊಂಡೆ. ಆ ಮಟ್ಟು ಕೇಳಿದರೆ ನಮ್ಮ ಕಡೆ ಯಾರೂ ದಾರಿಗೆ ಅಡ್ಡ ನಿಲ್ಲುವುದಿಲ್ಲ. ಹುಡುಗ ತನಗೇ ಗೊತ್ತಿಲ್ಲದೆ ಪಕ್ಕಕ್ಕೆ ಸರಿದ.

ಮಂಚಮ್ಮ ಮಗನ ಮುಂದೆ ಬಂದು ನಿಂತಳು.

"ಏಳ್ಲಾ ಮಗ. ಮಂಡಿ ಊರ್ಕಂಡಿರೋನ್ಗೆ ಆರ ಆಕಾಕಿಲ್ಲ."

ಸಿದ್ದರಾಜು ಎದ್ದ. ಹಾರ ಹಾಕಿಸಿಕೊಂಡ. ಅವಳು ಪದ್ಧತಿಯಂತೆ ತಿರುಗಿ ಗೌಡರಿಗೆ ಕೈಮುಗಿದು ನಿಂತಳು, ಕೈ ಇಳಿಸಲಿಲ್ಲ. ಗೌಡರ ಒಂದು ಕೈಯಲ್ಲಿ ಗದೆ, ಇನ್ನೊಂದರಲ್ಲಿ ಟೋಪಿ. ಇಡೀ ಮೈದಾನ ನೋಡುತ್ತಿದೆ. ಎದ್ದಿದ್ದ ಫೋನುಗಳು ಇನ್ನೂ ಎದ್ದೇ ಇವೆ. ನಾನು ಮಟ್ಟು ನಿಲ್ಲಿಸಲಿಲ್ಲ, ಮುಗಿಯುವ ಹೊತ್ತಿಗೆ ಮತ್ತೆ ಮೊದಲಿನಿಂದ ಎತ್ತಿಕೊಂಡೆ. ಕೊನೆಗೆ ಗೌಡರು ಗದೆಯನ್ನು ಕಂಕುಳಿಗೆ ಸಿಕ್ಕಿಸಿ, ಟೋಪಿಯನ್ನು ನೆಲಕ್ಕಿಟ್ಟು ಕೈಮುಗಿದರು. ಮಂಚಮ್ಮ ಇಳಿದು ಹೋದಳು.

ಈಗ ಕತೆ ನಿಂತಲ್ಲಿಂದ ಶುರುವಾಗಬೇಕು, ಅಂದರೆ ಮತ್ತೆ ಮಂಡಿ. ಸಿದ್ದರಾಜು ನನ್ನನ್ನು ನೋಡಿದ. ನಾನು ಹಾಡಿನ ಶ್ರುತಿ ಕೊಟ್ಟೆ. ಅವನು ನೆಲದ ಮೇಲಿದ್ದ ಟೋಪಿಯನ್ನು ತಾನೇ ಎತ್ತಿ ತಲೆಗೆ ಹಾಕಿಕೊಂಡು, ನಿಂತೇ ಹಾಡಿದ. ಶಿವಲಿಂಗು ಬರೆದ ಸಾಲು ಬಿಟ್ಟು ತನ್ನದೇ ಹಾಡಿದ:

ಲೋಡಿನ ಸಾಲು ಸಾಗೋದಿಲ್ಲ
ಕಣ್ಣಿನ ರೆಪ್ಪೆ ಮುಚ್ಚೋದಿಲ್ಲ
ನನ್ನ ನಿದ್ದೆ ಹೊದ್ದೋರು ಯಾರು
ಹೊದ್ದೋರ್ಗೆ ನನ್ನ ಕನಸೂ ಇರಲಿ

ಗೌಡರು ಬೀಳಬೇಕು. ಬೀಳಲಿಲ್ಲ. ಹಿಂದಿನಿಂದ ಯಾರೋ ಒನ್ಸ್ ಮೋರ್ ಅಂದರು. ಸಿದ್ದರಾಜು ಮತ್ತೆ ಹಾಡಿದ, ಗೌಡರು ಮತ್ತೆ ನಿಂತೇ ಇದ್ದರು. ಮತ್ತೆ ಒನ್ಸ್ ಮೋರ್. ಈಗ ಆ ಬೀದಿಯವರಷ್ಟೇ ಅಲ್ಲ, ಫ್ಯಾಕ್ಟರಿಯ ಸಾಲಿನಲ್ಲಿ ಕಬ್ಬಿನ ಟ್ರಾಕ್ಟರು ನಿಲ್ಲಿಸಿ ಕಾದಿದ್ದವರೆಲ್ಲ ಕೂಗುತ್ತಿದ್ದರು. ಬಿಗಿದ ಮುಖದ ಗೌಡರು, ಹಾಡುತ್ತಿರುವ ಸಿದ್ದರಾಜು, ಇಬ್ಬರೂ ನಿಂತಿದ್ದಾಗಲೇ ಶಿವಲಿಂಗು ಪರದೆ ಬಿಟ್ಟ. ನಾಟಕ ಮುಗಿಯಲೇ ಇಲ್ಲ ಅಂತ ಈಗಲೂ ಕೆಲವರು ಹೇಳುತ್ತಾರೆ.

ಮರುದಿನ ಸಿದ್ದರಾಜು ಕೀ ಕೇಳಲು ಹೋಗಲಿಲ್ಲ, ಗೌಡರು ಕರೆಯಲೂ ಇಲ್ಲ. ಅವನು ಈಗ ಬೇರೆಯವರ ಟ್ರಾಕ್ಟರು ಓಡಿಸುತ್ತಾನೆ. ಸ್ಟೇಟಸ್ಸಿಗೆ ಬಂದದ್ದು ಮಂಡಿ ಅಲ್ಲ, ಆ ಹಾಡು. ನಾಗಮಂಗಲದ ಕಡೆಯಿಂದ ಒಂದು ಊರಿನವರು ಅದೇ ನಾಟಕ ಬೇಕು ಅಂತ ನನಗೆ ಫೋನು ಮಾಡಿದರು. ಆ ಸುದ್ದಿ ಗೌಡರಿಗೆ ಮುಟ್ಟಿತು. ಒಂದು ಬೆಳಗ್ಗೆ ಅವರೇ ಕೊಪ್ಪಲಿಗೆ ಕಾರಿನಲ್ಲಿ ಬಂದು, ನಮ್ಮ ಮನೆಯಲ್ಲಿ ಕಾಫಿ ಕುಡಿದು, ಬಾಳ ಸಲೀಸಾಗಿ ಮಾತು ತೆಗೆದರು.

"ಮೇಷ್ಟ್ರೆ, ನಾಗಮಂಗ್ಲದಾಗೆ ನಾನೂ ಆಡ್ತೀನಿ. ದೊರೆ ಪಾರ್ಟು ಬ್ಯಾಡ. ಆ ಟೋಪಿ ಆಕ್ಕಂಡು ಆಡೋ ಪಾರ್ಟು ಐತಲ್ಲ, ಅದು ನಂಗಿರ್ಲಿ. ಆ ಪದಾನೂ ಕಲ್ಸಿ. ಎಷ್ಟಾದ್ರೂ ಆಕ್ತೀನಿ."

ನಾನು ಅವರ ಮುಖ ನೋಡಿದೆ. ತಮಾಷೆಯಲ್ಲ. ನಿಜವಾಗಿಯೂ ಆ ಪಾರ್ಟು ಇಷ್ಟವಾಗಿತ್ತು. ಚಪ್ಪಾಳೆ ಎಲ್ಲಿದೆಯೋ ಅದು ತಮ್ಮದು ಅಂತ ಅವರಿಗೆ ಸಹಜವಾಗಿ ಅನ್ನಿಸಿತ್ತು, ಅಷ್ಟೇ. ಶಿವಲಿಂಗು ನಾಟಕದಲ್ಲಿ ಹೇಳಲು ಹೋದದ್ದು ನನಗೆ ಪೂರ್ತಿ ಅರ್ಥವಾದದ್ದು ಆ ಕಾಫಿ ಲೋಟದ ಮುಂದೆ. ನಿದ್ದೆ ತೆಗೆದುಕೊಂಡವರು ಕೊನೆಗೆ ಹಾಡನ್ನೂ ಕೇಳಿಕೊಂಡು ಬರುತ್ತಾರೆ.

"ಆ ಪಾರ್ಟು ಸಿದ್ದರಾಜುದು ಗೌಡ್ರೆ, ಆಗೋಗದೆ," ಅಂದೆ.

ಅವರು ಲೋಟ ಕೆಳಗಿಟ್ಟರು. ಸರಿ ಬುಡಿ ಅಂದರು, ಅಷ್ಟೇ. ಆಮೇಲೆ ನಾಗಮಂಗಲದವರ ಫೋನು ನಿಂತಿತು. ಕೆ.ಆರ್. ಪೇಟೆಯಲ್ಲಿ ಒಪ್ಪಿಕೊಂಡಿದ್ದ ನಾಟಕಕ್ಕೆ ಬೇರೆ ಮೇಷ್ಟ್ರು ಬಂದರು. ದುಡ್ಡು ಹಾಕುವವರೆಲ್ಲ ಒಬ್ಬರಿಗೊಬ್ಬರು ನೆಂಟರು. ಒಂದು ವರ್ಷ ಕಾದೆ, ಪೆಟ್ಟಿಗೆ ಮುಚ್ಚಿದೆ. ನಿವೃತ್ತಿ ಅಂದರೆ ಇದು. ಹೊಸಬರೇ, ಪಾರ್ಟು ಹಂಚುವುದು ಮೇಷ್ಟ್ರಲ್ಲ ಅಂತ ಮೇಲೆ ಹೇಳಿದೆನಲ್ಲ. ಹಂಚಲು ಆಗುವುದಿಲ್ಲ. ಕೊಡುವುದಿಲ್ಲ ಅನ್ನಲು ಆಗುತ್ತದೆ. ಅದರ ಬೆಲೆ ಏನು ಅಂತ ಹೇಳಿದ್ದೇನೆ, ಲೆಕ್ಕ ನೀವು ಹಾಕಿಕೊಳ್ಳಿ.

ಹೋದ ವಾರ ಸಿದ್ದರಾಜು ಬಂದಿದ್ದ. ಅವರ ಬೀದಿಯಲ್ಲೇ ನಾಟಕ ಆಡುತ್ತಾರಂತೆ. ಶಿವಲಿಂಗು ತಾಲೀಮು ಶುರು ಮಾಡಿದ್ದಾನೆ. ಹಳ್ಳಿಯವರ ಪಾರ್ಟಿಗೆ ಎಷ್ಟೋ ಜನ ಇದ್ದಾರೆ, ಆಚೆ ನಕ್ಷತ್ರದ ದೊರೆಯ ಪಾರ್ಟಿಗೆ ಮಾತ್ರ ಒಬ್ಬನೂ ಒಪ್ಪುತ್ತಿಲ್ಲ. ಹಾರ್ಮೋನಿಯಂ ನುಡಿಸಲು ಕರೆಯುತ್ತಿದ್ದಾನೆ ಅಂದುಕೊಂಡೆ. ಅಲ್ಲ. ಪೆಟ್ಟಿಗೆಗೆ ಅವರದೇ ಬೀದಿಯ ಒಬ್ಬ ಹೆಣ್ಣುಮಗಳು ಇದ್ದಾಳಂತೆ.

"ದೊರೆ ನೀವೇ ಆಗ್ಬೇಕು ಸಾ," ಅಂದ. "ಕಿರೀಟ ಕೊಡಾಕಿಲ್ಲ. ಬೀಳಾಕೆ ಆಯ್ತದಾ, ಅದ ಯೋಳಿ."

ಆಗುತ್ತದೆ ಅಂದೆ. ಈಗ ದಿನಾ ಸಂಜೆ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಬೀಳುತ್ತಿದ್ದೇನೆ. ಮೊದಲು ಮಂಡಿ, ಆಮೇಲೆ ಕೈ, ಕೊನೆಗೆ ಹಣೆ. ಹೆಂಡತಿ ಅಡಿಗೆಮನೆಯಿಂದ ಇಣುಕಿ, ಇದೇನ್ ಬಂತು ಈ ವಯಸ್ನಲ್ಲಿ ಅನ್ನುತ್ತಾಳೆ. ಹಣೆ ನೆಲಕ್ಕೆ ಮುಟ್ಟುವುದು ಇನ್ನೂ ಸರಿಯಾಗಿ ಬರುತ್ತಿಲ್ಲ. ಕಲಿಯುತ್ತಿದ್ದೇನೆ.